ಓಡುವ ಕಾರು ಫೋಟೋದಲ್ಲೂ ಓಡಬೇಕಾದರೆ

ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಬಿಸಿಲು ಚೆನ್ನಾಗಿದೆ. ನೀವು ಕ್ಯಾಮೆರಾ ಎತ್ತಿ ಕ್ಲಿಕ್ ಮಾಡುತ್ತೀರಿ. ಫೋಕಸ್ ಸರಿಯಾಗಿ ಕೂತಿದೆ, ಬಣ್ಣ ಚೆನ್ನಾಗಿ ಬಂದಿದೆ, ನಂಬರ್ ಪ್ಲೇಟನ್ನೂ ಓದಬಹುದು. ಆದರೆ ಫೋಟೋದಲ್ಲಿ ಆ ಕಾರು ರಸ್ತೆ ಮಧ್ಯೆ ಯಾರೋ ನಿಲ್ಲಿಸಿ ಹೋದಂತೆ ಕಾಣುತ್ತದೆ.

ಕ್ಯಾಮೆರಾದ ತಪ್ಪೇನೂ ಇಲ್ಲ. ಆಟೋ ಮೋಡಿನಲ್ಲಿ, ಒಳ್ಳೆ ಬಿಸಿಲಲ್ಲಿ, ಅದು ಶಟರನ್ನು, ಅಂದರೆ ಬೆಳಕನ್ನು ಒಳಗೆ ಬಿಡುವ ಪರದೆಯನ್ನು, ಸೆಕೆಂಡಿನ 2000ನೇ ಒಂದು ಭಾಗದಷ್ಟು ಹೊತ್ತು ತೆರೆದಿಟ್ಟಿರಬಹುದು. ಅಷ್ಟರಲ್ಲಿ ಆ ಕಾರು ಮುಂದೆ ಹೋದದ್ದು ಬರೀ 1.4 ಸೆಂಟಿಮೀಟರ್. ಚಕ್ರ ಮೂರು ಡಿಗ್ರಿ ಕೂಡ ತಿರುಗಿಲ್ಲ. ಓಟದ ಸುಳಿವು ಚಿತ್ರದೊಳಗೆ ಬರಲೇ ಇಲ್ಲ. ಇಲ್ಲದ್ದನ್ನು ನೋಡುವವರು ಎಲ್ಲಿಂದ ಕಾಣಬೇಕು?

ಫೋಟೋದಲ್ಲಿ ವೇಗ ಅನ್ನುವುದು ನೇರವಾಗಿ ಕಾಣುವ ವಸ್ತುವಲ್ಲ. ನಮ್ಮ ಕಣ್ಣು ಅದನ್ನು ಹೋಲಿಸಿ ಊಹಿಸುತ್ತದೆ. ಚಿತ್ರದಲ್ಲಿ ಒಂದು ನಿಂತಿರಬೇಕು, ಇನ್ನೊಂದು ಹರಿಯಬೇಕು. ಎಲ್ಲವೂ ನಿಂತರೆ ಪಾರ್ಕಿಂಗ್ ಫೋಟೋ. ಎಲ್ಲವೂ ಹರಿದರೆ ಕೈ ಅಲುಗಿದ ಫೋಟೋ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಹರಿಸಬೇಕು, ಎಷ್ಟು ಹರಿಸಬೇಕು? ಚಲನೆಯ ಫೋಟೋಗ್ರಫಿಯ ಎಲ್ಲ ವಿಧಾನಗಳೂ ಈ ಮೂರು ಪ್ರಶ್ನೆಗಳಿಗೆ ಕೊಡುವ ಬೇರೆ ಬೇರೆ ಉತ್ತರಗಳು.

ಸೆಕೆಂಡು ಬಿಟ್ಟು ಸೆಂಟಿಮೀಟರ್ ಎಣಿಸೋಣ

1/250, 1/60, 1/30 ಅಂತ ಶಟರ್ ವೇಗವನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಸುಲಭದ ದಾರಿ ಇದೆ. ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಕಾರು ಎಷ್ಟು ದೂರ ಹೋಯಿತು ಅಂತ ನೋಡಿ. ಗಂಟೆಗೆ ಇಷ್ಟು ಕಿಲೋಮೀಟರ್ ಅನ್ನುವ ಸಂಖ್ಯೆಯನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ. ಗಂಟೆಗೆ 60 ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಈ ವೇಗದಲ್ಲಿ ಕಾರು 1/1000 ಸೆಕೆಂಡಿನಲ್ಲಿ 1.7 ಸೆಂಟಿಮೀಟರ್ ಹೋಗುತ್ತದೆ. 1/250ರಲ್ಲಿ ಸುಮಾರು 7 ಸೆಂಟಿಮೀಟರ್. 1/60ರಲ್ಲಿ 28. 1/30ರಲ್ಲಿ 56. 1/15ಕ್ಕೆ ಇಳಿದರೆ ಒಂದು ಮೀಟರಿಗಿಂತ ಜಾಸ್ತಿ.

ಫೋಟೋಗ್ರಾಫರುಗಳಲ್ಲಿ ಒಂದು ರೂಢಿಯ ಲೆಕ್ಕವಿದೆ: ಕಾರಿನ ವೇಗ ಎಷ್ಟೋ, ಶಟರಿನ ಕೆಳಗಿನ ಸಂಖ್ಯೆಯೂ ಅಷ್ಟೇ ಇಡಿ. ಗಂಟೆಗೆ 60 ಕಿಲೋಮೀಟರಿಗೆ 1/60, ಗಂಟೆಗೆ 120ಕ್ಕೆ 1/125. ಇದು ಯಾಕೆ ಕೆಲಸ ಮಾಡುತ್ತದೆ ಅಂತ ಯೋಚಿಸಿದ್ದೀರಾ? ಹೀಗೆ ಇಟ್ಟರೆ ಕಾರು ಯಾವ ವೇಗದಲ್ಲಿದ್ದರೂ ಶಟರ್ ತೆರೆದಿರುವಾಗ ಸರಿಸುಮಾರು 28 ಸೆಂಟಿಮೀಟರೇ ಹೋಗುತ್ತದೆ. ನಾಲ್ಕು ಮೀಟರ್ ಉದ್ದದ ಕಾರಿಗೆ ಅದು ತನ್ನ ಉದ್ದದ ಶೇ. 7. ನನ್ನ ಮಟ್ಟಿಗೆ ಓಟ ಸ್ಪಷ್ಟವಾಗಿ ಕಾಣಲು ಶುರುವಾಗುವುದು ಇಲ್ಲಿಂದಲೇ. ಇನ್ನೂ ರಭಸ ಬೇಕಾದರೆ ಶಟರ್ ಸಮಯವನ್ನು ಎರಡು ಪಟ್ಟು ಮಾಡಿ, ಅಂದರೆ 1/60 ಇದ್ದದ್ದನ್ನು 1/30 ಮಾಡಿ. ಆಗ 56 ಸೆಂಟಿಮೀಟರ್, ಶೇ. 14.

ಈ ಶೇಕಡಾ ಲೆಕ್ಕದಲ್ಲಿ ಒಂದು ಚೆಂದದ ಸಂಗತಿ ಅಡಗಿದೆ. ಕಾರನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸುವಾಗ, ಹಿನ್ನೆಲೆ ಎಷ್ಟು ಉದ್ದ ಎಳೆದುಕೊಂಡಿದೆ ಅನ್ನುವುದನ್ನು ಚಿತ್ರದಲ್ಲಿನ ಕಾರಿನ ಉದ್ದದ ಜೊತೆ ಹೋಲಿಸಿದರೆ, ಲೆನ್ಸ್ ಯಾವುದು, ನೀವು ಎಷ್ಟು ದೂರ ನಿಂತಿದ್ದೀರಿ ಅನ್ನುವುದೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತದೆ. ಉಳಿಯುವುದು ಇಷ್ಟೇ: ಕಾರು ಹೋದ ದೂರ ಭಾಗಿಸು ಕಾರಿನ ಉದ್ದ. 12 ಮೀಟರ್ ಉದ್ದದ ಬಸ್ಸಿಗೆ 28 ಸೆಂಟಿಮೀಟರ್ ಅಂದರೆ ಶೇ. 2 ಚಿಲ್ಲರೆ ಮಾತ್ರ. ಅದಕ್ಕೇ ಒಂದೇ ಶಟರಿನಲ್ಲಿ, ಒಂದೇ ವೇಗದಲ್ಲಿ ಹೋಗುವ ಕಾರು ಓಡುತ್ತಿರುವಂತೆ ಕಂಡರೆ ಬಸ್ಸು ತೆವಳುತ್ತಿರುವಂತೆ ಕಾಣುತ್ತದೆ. ಗಂಟೆಗೆ 60ರಲ್ಲಿ ಹೋಗುವ ಬಸ್ಸಿಗೆ ಅದೇ ಶೇ. 7 ಬೇಕಾದರೆ 1/20 ಹತ್ತಿರ ಇಳಿಯಬೇಕು.

ಮೊದಲು ಚಕ್ರ ನೋಡಿ

ಕಾರಿನ ಚಿತ್ರ ಸಿಕ್ಕಾಗ ನಾನು ಮೊದಲು ನೋಡುವುದು ಚಕ್ರವನ್ನು. ಅಲ್ಲಿನ ಕಡ್ಡಿಗಳು ಒಂದೊಂದೂ ಬಿಡಿಯಾಗಿ, ಚೂಪಾಗಿ ಕಂಡರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ, ಕಾರು ನಿಂತೇ ಇರುತ್ತದೆ.

ಸಾಮಾನ್ಯ ಕಾರಿನ ಟೈರು ಒಂದು ಸುತ್ತು ತಿರುಗಿದರೆ ಸುಮಾರು 2 ಮೀಟರ್ ಹೋಗುತ್ತದೆ. ಹಾಗಾದರೆ 28 ಸೆಂಟಿಮೀಟರಿಗೆ ಚಕ್ರ ತಿರುಗುವುದು ಸುಮಾರು 50 ಡಿಗ್ರಿ. ಐದು ಕಡ್ಡಿಗಳ ಅಲಾಯ್ ಚಕ್ರದಲ್ಲಿ ಒಂದು ಕಡ್ಡಿಯಿಂದ ಇನ್ನೊಂದಕ್ಕೆ 72 ಡಿಗ್ರಿ ಅಂತರ. ಅಂದರೆ 50 ಡಿಗ್ರಿಯಲ್ಲಿ ಕಡ್ಡಿಗಳು ಚೆನ್ನಾಗಿ ಹರಡಿಕೊಂಡಿರುತ್ತವೆ, ಆದರೂ ಅವುಗಳ ಜಾಗ ಗೊತ್ತಾಗುತ್ತದೆ. 56 ಸೆಂಟಿಮೀಟರಿಗೆ 100 ಡಿಗ್ರಿ ಆಗಿ ಚಕ್ರ ಪೂರ್ತಿ ಮಂಜಿನ ಬಿಲ್ಲೆಯಾಗುತ್ತದೆ. ಹತ್ತು ಕಡ್ಡಿಗಳ ಚಕ್ರವಾದರೆ ಅಂತರ 36 ಡಿಗ್ರಿ ಮಾತ್ರ. ಅದು ಇನ್ನೂ ಬೇಗ ಕರಗುತ್ತದೆ.

ಉರುಳುವ ಚಕ್ರದ ಬಗ್ಗೆ ಇನ್ನೊಂದು ಮಾತು. ರಸ್ತೆಗೆ ತಾಗಿರುವ ಬಿಂದು ಆ ಕ್ಷಣಕ್ಕೆ ನಿಜವಾಗಿಯೂ ನಿಂತಿರುತ್ತದೆ. ಚಕ್ರದ ನೆತ್ತಿ ಕಾರಿನ ಎರಡು ಪಟ್ಟು ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ಕ್ಯಾಮೆರಾವನ್ನು ಅಲುಗಿಸದೆ ತೆಗೆದ ಫೋಟೋದಲ್ಲಿ ಇದು ಕಾಣುತ್ತದೆ: ಚಕ್ರದ ಬುಡ ಸ್ಪಷ್ಟ, ಮೇಲ್ಭಾಗ ಮಸುಕು. ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಕಥೆ ಬದಲಾಗುತ್ತದೆ. ಆಗ ಚಕ್ರದ ನಡುವಿನ ಹಬ್ ಸ್ಪಷ್ಟವಾಗಿ ನಿಲ್ಲುತ್ತದೆ, ಸುತ್ತಲಿನ ಅಂಚು ಎಲ್ಲ ಕಡೆ ಒಂದೇ ಸಮನಾಗಿ ಮಸುಕಾಗುತ್ತದೆ. ಹಬ್ ಸ್ಪಷ್ಟ, ಅಂಚು ಮಸುಕು ಅಂತ ಕಂಡರೆ ತೆಗೆದವರ ಕೈ ಪಳಗಿದೆ ಅಂತಲೇ ಅರ್ಥ.

ಪ್ಯಾನಿಂಗ್

ಕಾರು ನಿಲ್ಲಬೇಕು, ಲೋಕ ಹರಿಯಬೇಕು. ಅದಕ್ಕೆ ದಾರಿ ಪ್ಯಾನಿಂಗ್. ಕಾರು ಹೋಗುವ ಕಡೆಗೇ, ಅದರ ವೇಗಕ್ಕೆ ಸರಿಯಾಗಿ ಕ್ಯಾಮೆರಾ ತಿರುಗಿಸುತ್ತಾ ನಡುವೆ ಶಟರ್ ಒತ್ತುವುದು. ಹೇಳುವುದು ಸುಲಭ. ಕಷ್ಟ ಎಲ್ಲಿದೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ನೀವು ರಸ್ತೆಯಿಂದ 20 ಮೀಟರ್ ದೂರ ನಿಂತಿದ್ದೀರಿ ಅಂದುಕೊಳ್ಳಿ. ಗಂಟೆಗೆ 60ರಲ್ಲಿ ಕಾರು ನಿಮ್ಮ ಎದುರು ಹಾದುಹೋಗುವಾಗ ನೀವು ಸೆಕೆಂಡಿಗೆ ಸುಮಾರು 48 ಡಿಗ್ರಿ ತಿರುಗಬೇಕು. ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರ್ ಇರುವ) ಕ್ಯಾಮೆರಾ, 100 ಎಂಎಂ ಲೆನ್ಸ್, 1/60 ಶಟರ್. ಹಿನ್ನೆಲೆ ಚಿತ್ರದ ಅಗಲದ ಸುಮಾರು ಶೇ. 4ರಷ್ಟು ಎಳೆದುಕೊಳ್ಳುತ್ತದೆ. ಅಗಲ 6000 ಪಿಕ್ಸೆಲ್ ಇದ್ದರೆ ಅದು 230 ಪಿಕ್ಸೆಲ್. ಈಗ ಕಾರು ಚೂಪಾಗಿ ಕಾಣಬೇಕು, ಅದರ ಮೇಲಿನ ಮಸುಕು ಐದು ಪಿಕ್ಸೆಲ್ ದಾಟಬಾರದು ಅಂತ ಇಟ್ಟುಕೊಳ್ಳಿ. ಹಾಗಾದರೆ ನಿಮ್ಮ ತಿರುಗುವ ವೇಗ ಕಾರಿನ ವೇಗಕ್ಕೆ ಶೇ. 2ರ ಒಳಗೆ ಹೊಂದಬೇಕು. 1/30ಕ್ಕೆ ಇಳಿದರೆ ಶೇ. 1ರ ಒಳಗೆ. ಪ್ಯಾನಿಂಗಿನಲ್ಲಿ ಹೆಚ್ಚಿನ ಫೋಟೋಗಳು ಕೆಡುವುದು ಇದಕ್ಕೇ. ಬೇಜಾರು ಮಾಡಿಕೊಳ್ಳುವ ವಿಷಯವೇ ಅಲ್ಲ. ಮೊದಲು 1/125ರಲ್ಲಿ ಕೈ ಕೂರಿಸಿಕೊಳ್ಳಿ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯಿರಿ.

ಯಾವಾಗ ಒತ್ತಬೇಕು? ಕಾರು ದೂರದಿಂದ ಬರುವಾಗ ನೀವು ನಿಧಾನ ತಿರುಗಿದರೆ ಸಾಕು. ಹತ್ತಿರ ಬಂದಂತೆ ತಿರುಗುವ ವೇಗ ಏರುತ್ತಾ ಹೋಗುತ್ತದೆ. ಕಾರು ಸರಿಯಾಗಿ ನಿಮ್ಮ ಎದುರಿಗೆ ಬಂದಾಗ ಅದು ತುತ್ತತುದಿಗೆ ಮುಟ್ಟಿ, ಮತ್ತೆ ಇಳಿಯಲು ಶುರುವಾಗುತ್ತದೆ. ಆ ತುದಿಯಲ್ಲಿ ಒಂದು ಗಳಿಗೆ ವೇಗ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಕೈಗೆ ಅತಿ ಸುಲಭವಾಗಿ ಹೊಂದುವ ಗಳಿಗೆ ಅದೇ. ಕಾರಿನ ಪೂರ್ತಿ ಪಕ್ಕ ಕಾಣುವುದೂ ಆಗಲೇ. ಹಾಗಾಗಿ ಪಾದಗಳನ್ನು ಆ ಜಾಗದ ಕಡೆಗೆ ಊರಿ ನಿಲ್ಲಿ. ಸೊಂಟದಿಂದ ಮೇಲೆ ಮಾತ್ರ ಕಾರು ಬರುವ ಕಡೆಗೆ ತಿರುಚಿಕೊಳ್ಳಿ. ಮೊಣಕೈಗಳು ಪಕ್ಕೆಗೆ ಒತ್ತಿರಲಿ. ಕಾರು ಬಹಳ ಮುಂಚೆಯೇ ಫ್ರೇಮಿನೊಳಗೆ ಬರಲಿ, ನೀವು ಅದರ ಜೊತೆ ತಿರುಗಲು ಶುರು ಮಾಡಿ, ಎದುರಿಗೆ ಬಂದಾಗ ಮೆತ್ತಗೆ ಒತ್ತಿ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಒತ್ತಿದ ತಕ್ಷಣ ಕೈ ನಿಂತುಹೋಗುವುದೇ ಹೊಸಬರ ಫೋಟೋಗಳು ಕೆಡಲು ದೊಡ್ಡ ಕಾರಣ.

ಕಾರಿನ ಮೇಲೆ ಒಂದು ಗುರುತು ಹಿಡಿದುಕೊಳ್ಳುವುದು ಒಳ್ಳೆಯದು. ಮುಂದಿನ ಬಾಗಿಲ ಹಿಡಿಕೆಯೋ ಹೆಡ್‌ಲೈಟೋ ಆಗಬಹುದು. ಫೋಕಸ್ ಬಿಂದುವನ್ನು ಅದರ ಮೇಲೆಯೇ ಇಟ್ಟು ಹೋಗಿ. ಆಟೋಫೋಕಸ್ ನಿರಂತರ ಮೋಡಿನಲ್ಲಿರಲಿ. ಒಂದರ ಹಿಂದೊಂದು ಫೋಟೋ ತೆಗೆಯುವ ಬರ್ಸ್ಟ್ ಇರಲಿ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಪ್ಯಾನಿಂಗ್ ಮೋಡ್ ಇದೆಯಾ ನೋಡಿ. ಕ್ಯಾನನ್‌ನ ಹಲವು ಲೆನ್ಸುಗಳಲ್ಲಿ ಅದು ಮೋಡ್ 2. ಅದು ಮೇಲೆ ಕೆಳಗಿನ ಅಲುಗಾಟವನ್ನು ಮಾತ್ರ ತಡೆಯುತ್ತದೆ, ಪಕ್ಕಕ್ಕೆ ತಿರುಗುವುದನ್ನು ಬಿಟ್ಟುಬಿಡುತ್ತದೆ.

ತೀರಾ ಹತ್ತಿರ ನಿಲ್ಲಬೇಡಿ. ಸುರಕ್ಷತೆಗೆ ಅಂತ ಮಾತ್ರ ಅಲ್ಲ, ಚಿತ್ರಕ್ಕೂ ಅದೇ ಸರಿ. 20 ಮೀಟರ್ ದೂರದಿಂದ ನೋಡಿದರೆ ಕಾರಿನ ಮೂತಿ, ನಡು, ಬಾಲ ಮೂರೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ತಿರುಗುವಂತೆ ಕಾಣುತ್ತವೆ. ವ್ಯತ್ಯಾಸ ಶೇ. 1ರಷ್ಟು. ಐದು ಮೀಟರಿಗೆ ಬಂದರೆ ಅದು ಶೇ. 15ರ ಆಸುಪಾಸಿಗೆ ಏರುತ್ತದೆ. ಆಗ ನಡುಭಾಗವನ್ನು ಎಷ್ಟೇ ಚೆನ್ನಾಗಿ ಹಿಡಿದರೂ ಮೂತಿ ಮತ್ತು ಬಾಲ ಕಲಸಿಹೋಗುತ್ತವೆ. ಸ್ವಲ್ಪ ಹಿಂದೆ ಸರಿದು, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್ ಹಾಕುವುದು ವಾಸಿ.

ರೇಸ್ ಟ್ರ್ಯಾಕಿನಂಥ ಕಡೆ ಅವಕಾಶವಿದ್ದರೆ ತಿರುವಿನ ಒಳಬದಿ ಹುಡುಕಿ. ತಿರುವಿನ ಕೇಂದ್ರದ ಹತ್ತಿರ ನಿಂತವರಿಗೆ ಕಾರು ಒಂದೇ ದೂರದಲ್ಲಿ, ಒಂದೇ ಸಮನಾದ ವೇಗದಲ್ಲಿ ಸುತ್ತುತ್ತದೆ. ತುದಿಯ ಆ ಒಂದು ಗಳಿಗೆ ಇಲ್ಲಿ ತಿರುವಿನ ಉದ್ದಕ್ಕೂ ಸಿಗುತ್ತದೆ. ಹಿಡಿತ ತಪ್ಪಿದ ಕಾರು ಸಾಮಾನ್ಯವಾಗಿ ಹೊರಬದಿಗೆ ಜಾರುವುದರಿಂದ ಒಳಬದಿ ಹೆಚ್ಚು ಕ್ಷೇಮ. ಆದರೂ ತಡೆಗೋಡೆಯ ಹಿಂದೆಯೇ ನಿಲ್ಲಬೇಕು.

ಹಿನ್ನೆಲೆ ಆರಿಸುವುದು ಅರ್ಧ ಕೆಲಸ

ಬೋಳು ಗೋಡೆ ಅಥವಾ ಖಾಲಿ ಆಕಾಶದ ಮುಂದೆ ಎಷ್ಟೇ ಚೆನ್ನಾಗಿ ಪ್ಯಾನ್ ಮಾಡಿದರೂ ಏನೂ ಕಾಣುವುದಿಲ್ಲ. ಎಳೆದುಕೊಳ್ಳಲು ಅಲ್ಲಿ ಏನಾದರೂ ಇರಬೇಕಲ್ಲವಾ? ಎಲೆಗಳ ನಡುವೆ ಬೆಳಕು ತೂರುವ ಮರಗಳು, ಕಂಬಗಳು, ಬಣ್ಣ ಬಣ್ಣದ ಬಟ್ಟೆ ತೊಟ್ಟ ಜನ, ದೀಪಗಳು. ಬೆಳಕು ನೆರಳು ಬೇಗ ಬೇಗ ಬದಲಾಗುವ ಹಿನ್ನೆಲೆ ಬೇಕು.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯವಿದೆ. ಅಡ್ಡ ಗೆರೆಗಳು ತಮ್ಮ ಮೇಲೆಯೇ ಎಳೆದುಕೊಳ್ಳುತ್ತವೆ. ರಸ್ತೆಯ ಬಿಳಿ ಗೆರೆ, ಉದ್ದಕ್ಕೆ ಹಾಕಿದ ಕಬ್ಬಿಣದ ತಡೆಬೇಲಿ, ಗೋಡೆಯ ಮೇಲಂಚು ಇವೆಲ್ಲ ಪ್ಯಾನ್ ಮಾಡಿದ ಮೇಲೂ ಚೂಪಾಗಿಯೇ ಕಾಣುತ್ತವೆ. ಹಿನ್ನೆಲೆ ತುಂಬ ಅಂಥ ಗೆರೆಗಳೇ ಇದ್ದರೆ ಕಾರು ಮತ್ತೆ ನಿಂತುಬಿಡುತ್ತದೆ. ನೆಟ್ಟಗೆ ನಿಂತ ಗೆರೆಗಳು ಬೇಕು. ಹಿನ್ನೆಲೆ ದೂರ ಇದೆಯೋ ಹತ್ತಿರ ಇದೆಯೋ ಅಂತ ಚಿಂತೆ ಬೇಡ. ನಿಂತ ಜಾಗದಿಂದ ಕ್ಯಾಮೆರಾ ಬರೀ ತಿರುಗಿದರೆ ಹತ್ತಿರದ ಕಂಬವೂ ದೂರದ ಗುಡ್ಡವೂ ಒಂದೇ ಅಳತೆಯಲ್ಲಿ ಎಳೆದುಕೊಳ್ಳುತ್ತವೆ.

ಬಿಸಿಲಿನ ಸಮಸ್ಯೆ ಬೇರೆ ಇದೆ. ಉರಿಬಿಸಿಲಲ್ಲಿ ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆಯಾದ ಐಎಸ್‌ಒ 100, ಲೆನ್ಸಿನ ತೂತಾದ ಅಪರ್ಚರ್ ಎಫ್/16 (ಸಂಖ್ಯೆ ದೊಡ್ಡದಾದಷ್ಟು ತೂತು ಸಣ್ಣದು) ಇಟ್ಟರೆ ಸರಿಯಾದ ಶಟರ್ ಸುಮಾರು 1/100. ಎಫ್/8ಕ್ಕೆ ಅದು 1/400. ನಮಗೆ 1/30 ಬೇಕು. ಅಪರ್ಚರನ್ನು ಎಫ್/22ಕ್ಕೆ ಕಿರಿದು ಮಾಡಬಹುದು, ಆದರೆ ಅಷ್ಟು ಸಣ್ಣ ತೂತಿನಲ್ಲಿ ಚಿತ್ರ ಮೆದುವಾಗುತ್ತದೆ, ಸೆನ್ಸರ್ ಮೇಲಿನ ದೂಳೆಲ್ಲ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಹಾಕುವುದು ಒಳ್ಳೆಯದು. ಬಣ್ಣ ಕೆಡಿಸದೆ ಬೆಳಕನ್ನು ತಗ್ಗಿಸುವ ಕಪ್ಪು ಗಾಜು ಅದು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು ಅಥವಾ ಎರಡು ಪಟ್ಟಾಗುವುದು. ನಾಲ್ಕು ಸ್ಟಾಪಿನ ಫಿಲ್ಟರ್ 1/400ನ್ನು 1/25ಕ್ಕೆ ಇಳಿಸುತ್ತದೆ. ಅದು ಇಲ್ಲದಿದ್ದರೆ ಮೋಡ ಕವಿದ ಹೊತ್ತಿಗೋ ಸಂಜೆಗೋ ಕಾಯಿರಿ. ಫೋನಿನಲ್ಲಿ ತೆಗೆಯುವವರಿಗೂ ಇದೇ ಮಾತು. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ. ಬಿಸಿಲು ಜಾಸ್ತಿಯಾದರೆ ಶಟರನ್ನು ಚುರುಕು ಮಾಡುವುದು ಬಿಟ್ಟು ಅದಕ್ಕೆ ಬೇರೆ ದಾರಿಯಿಲ್ಲ. ಮುಸ್ಸಂಜೆಯಲ್ಲಿ, ಶಟರನ್ನು ನಾವೇ ಇಡಲು ಬಿಡುವ ಪ್ರೊ ಮೋಡ್ ತೆರೆದು 1/30 ಇಟ್ಟು ನೋಡಿ, ಫೋನಿನಲ್ಲೂ ಚೆನ್ನಾಗಿ ಬರುತ್ತದೆ.

ಕಾರನ್ನೇ ಹರಿಸುವುದು

ಉಲ್ಟಾ ಮಾಡಿದರೂ ಆಗುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಗಟ್ಟಿಯಾಗಿ ನಿಲ್ಲಲಿ, ಊರು ಸ್ಪಷ್ಟವಾಗಿರಲಿ, ಕಾರು ಮಾತ್ರ ಬಣ್ಣದ ಗೀರಾಗಿ ಹಾದುಹೋಗಲಿ. 1/15 ಅಥವಾ ಇನ್ನೂ ನಿಧಾನ. ಇಲ್ಲಿ ಕಾರಿನ ಗುರುತು ಉಳಿಯುವುದಿಲ್ಲ, ಜಾಗದ ಕಥೆ ಉಳಿಯುತ್ತದೆ. ರಾತ್ರಿ ಹತ್ತಿಪ್ಪತ್ತು ಸೆಕೆಂಡು ತೆರೆದಿಟ್ಟರೆ ಕಾರು ಮಾಯವಾಗಿ ಹೆಡ್‌ಲೈಟಿನ ಬಿಳಿ ಗೆರೆ, ಟೇಲ್‌ಲೈಟಿನ ಕೆಂಪು ಗೆರೆ ಮಾತ್ರ ಉಳಿಯುತ್ತವೆ. ನೋಡಲು ಸೊಗಸು. ಆದರೆ ಅದು ರಸ್ತೆಯ ಚಿತ್ರ, ಕಾರಿನದ್ದಲ್ಲ ಅಂತ ನನಗನ್ನಿಸುತ್ತದೆ.

ಕತ್ತಲಲ್ಲಿ ಫ್ಲ್ಯಾಶ್ ಬಳಸಿದರೆ ಅದು ಶಟರ್ ಮುಚ್ಚುವ ತುಸು ಮುಂಚೆ ಹೊಡೆಯುವಂತೆ ಸೆಟ್ ಮಾಡಿ. ರಿಯರ್ ಕರ್ಟನ್ ಅಂತ ಮೆನುವಿನಲ್ಲಿ ಇರುತ್ತದೆ. ಆಗ ಬೆಳಕಿನ ಗೀರು ಕಾರಿನ ಹಿಂದೆ ಬರುತ್ತದೆ. ಶುರುವಿನಲ್ಲೇ ಹೊಡೆದರೆ ಗೀರು ಮುಂದೆ ಚಾಚಿಕೊಂಡು ಕಾರು ರಿವರ್ಸ್ ಹೋಗುತ್ತಿರುವಂತೆ ಕಾಣುತ್ತದೆ.

ಕಾರಿನ ಜೊತೆಗೇ ಓಡುವ ಕ್ಯಾಮೆರಾ

ಜಾಹೀರಾತುಗಳಲ್ಲಿ ಕಾರು ಗಾಜಿನಷ್ಟು ಸ್ಪಷ್ಟ, ಕೆಳಗಿನ ರಸ್ತೆ ನೀರಿನಂತೆ ಹರಿಯುತ್ತಿರುತ್ತದೆ. ಅದರಲ್ಲಿ ಎರಡು ವಿಧ. ಒಂದರಲ್ಲಿ ಫೋಟೋಗ್ರಾಫರ್ ಇನ್ನೊಂದು ಕಾರಿನಲ್ಲಿ ಅದೇ ವೇಗದಲ್ಲಿ ಪಕ್ಕದಲ್ಲಿ ಹೋಗುತ್ತಾರೆ. ಇನ್ನೊಂದರಲ್ಲಿ ಕಾರಿಗೇ ಒಂದು ಉದ್ದನೆಯ ಕಂಬಿ ಸಿಕ್ಕಿಸಿ ಅದರ ತುದಿಗೆ ಕ್ಯಾಮೆರಾ ಕಟ್ಟುತ್ತಾರೆ. ಈ ಎರಡನೆಯದರಲ್ಲಿ ಕಾರು ಜೋರಾಗಿ ಓಡಬೇಕಾಗಿಯೇ ಇಲ್ಲ. ನಡಿಗೆಯ ವೇಗದಲ್ಲಿ ತಳ್ಳಿದರೂ ಸಾಕು. ಗಂಟೆಗೆ 4 ಕಿಲೋಮೀಟರ್ ಅಂದರೆ ಸೆಕೆಂಡಿಗೆ 1.1 ಮೀಟರ್. ಶಟರ್ ಎರಡು ಸೆಕೆಂಡು ತೆರೆದಿಟ್ಟರೆ ಎರಡು ಮೀಟರಿಗಿಂತ ಹೆಚ್ಚು ಹರಿವು, ಚಕ್ರ ಒಂದು ಸುತ್ತಿಗಿಂತ ಜಾಸ್ತಿ. ಆಮೇಲೆ ಕಂಬಿಯನ್ನು ಎಡಿಟಿಂಗಿನಲ್ಲಿ ಅಳಿಸುತ್ತಾರೆ. ಸೆಂಟಿಮೀಟರ್ ಎಣಿಸಿ ಅಂತ ನಾನು ಮೊದಲೇ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಚಿತ್ರಕ್ಕೆ ಬೇಕಾದದ್ದು ವೇಗವಲ್ಲ, ಶಟರ್ ತೆರೆದಾಗ ಹೋದ ದೂರ.

ಇಲ್ಲಿ ಹರಿವಿನ ರೂಪವೂ ಬೇರೆ. ಕ್ಯಾಮೆರಾ ತಿರುಗದೆ ತಾನೇ ಮುಂದೆ ಸಾಗುವುದರಿಂದ ಹತ್ತಿರದ್ದು ಜಾಸ್ತಿ ಎಳೆದುಕೊಳ್ಳುತ್ತದೆ, ದೂರದ್ದು ಕಡಿಮೆ. ಟಾರು ರಸ್ತೆ ಪೂರ್ತಿ ಕರಗಿರುತ್ತದೆ, ಬೆಟ್ಟದ ಸಾಲು ಹಾಗೇ ಇರುತ್ತದೆ. ಕಿಟಕಿಯಿಂದ ನಾವು ನೋಡುವುದೂ ಹೀಗೇ ಅಲ್ವಾ? ಅದಕ್ಕೇ ಈ ಚಿತ್ರಗಳಲ್ಲಿ ನಾವೇ ಆ ಓಟದೊಳಗೆ ಇದ್ದಂತೆ ಅನ್ನಿಸುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾರಿಂದ ಕಾರಿಗೆ ತೆಗೆಯುವುದು ಮುಚ್ಚಿದ ರಸ್ತೆಯಲ್ಲಿ, ಬೇರೆಯವರು ಓಡಿಸುತ್ತಿರುವಾಗ, ಬೆಲ್ಟ್ ಹಾಕಿಕೊಂಡು ಮಾತ್ರ. ಸ್ಟೀರಿಂಗ್ ಹಿಡಿದವರು ಕ್ಯಾಮೆರಾ ಮುಟ್ಟಲೇಬಾರದು.

ನೇರ ಎದುರಿಗೆ ಬರುವ ಕಾರಿಗೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಅದು ಪಕ್ಕಕ್ಕೆ ಸರಿಯುತ್ತಲೇ ಇಲ್ಲ, ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೇ. 20 ಮೀಟರ್ ದೂರದಲ್ಲಿ 28 ಸೆಂಟಿಮೀಟರ್ ಹತ್ತಿರ ಬಂದರೆ ಶೇ. 1.4ರಷ್ಟು ಮಾತ್ರ. ಅಲ್ಲಿ ಕಾರಿನ ಮೈಯನ್ನೇ ಓದಬೇಕು. ಬ್ರೇಕ್ ಹಾಕಿದಾಗ ಮೂತಿ ಕೆಳಗೆ ಕೂರುತ್ತದೆ. ತಿರುವಿನಲ್ಲಿ ಮೈ ಹೊರಗೆ ವಾಲುತ್ತದೆ, ಮುಂದಿನ ಚಕ್ರಗಳು ತಿರುಗಿರುತ್ತವೆ. ಹಿಂದೆ ದೂಳು ಎದ್ದಿರುತ್ತದೆ, ಮಳೆಯಲ್ಲಾದರೆ ಟೈರಿನಿಂದ ನೀರು ಚಿಮ್ಮುತ್ತಿರುತ್ತದೆ. ಇಲ್ಲಿ 1/1000ರ ಚುರುಕು ಶಟರೇ ಸರಿ. ಗಾಳಿಯಲ್ಲಿ ನಿಂತ ನೀರಹನಿ ಮಸುಕಿಲ್ಲದೆಯೂ ಓಟವನ್ನು ಹೇಳುತ್ತದೆ.

ವಾಲಿದ ಚಕ್ರ

ಫ್ರಾನ್ಸಿನ ಫೋಟೋಗ್ರಾಫರ್ ಜಾಕ್ ಆನ್ರಿ ಲಾರ್ತೀಗ್ 1910ರ ದಶಕದ ಆರಂಭದಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ಗ್ರ್ಯಾನ್ ಪ್ರಿ ರೇಸಿನ ಒಂದು ಕಾರಿನ ಚಿತ್ರ ತೆಗೆದರು. ಅದರಲ್ಲಿ ಕಾರಿನ ಹಿಂದಿನ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿ ಮುಂದಕ್ಕೆ ವಾಲಿದೆ. ಹಿಂದೆ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ನೋಡಿದರೆ ಆ ಕಾರು ಗಾಳಿಯನ್ನೇ ಸೀಳಿಕೊಂಡು ಹೋದಂತಿದೆ.

ಹೀಗಾದದ್ದು ಶಟರಿನಿಂದ. ಆ ಬಗೆಯ ಕ್ಯಾಮೆರಾದಲ್ಲಿ ಒಂದು ಸೀಳು ಚಿತ್ರದ ಮೇಲೆ ಹಾದುಹೋಗುತ್ತಿತ್ತು. ಇಡೀ ಚಿತ್ರ ಒಂದೇ ಸಲಕ್ಕೆ ದಾಖಲಾಗುತ್ತಿರಲಿಲ್ಲ. ಚಕ್ರದ ಬುಡ ಮೊದಲು, ನೆತ್ತಿ ಆಮೇಲೆ. ಅಷ್ಟರಲ್ಲಿ ಕಾರು ಮುಂದೆ ಹೋಗಿರುತ್ತದೆ, ಹಾಗಾಗಿ ನೆತ್ತಿ ಮುಂದಕ್ಕೆ. ಲಾರ್ತೀಗ್ ಕ್ಯಾಮೆರಾವನ್ನೂ ತಿರುಗಿಸುತ್ತಿದ್ದರು, ಆದರೆ ಕಾರಿನಷ್ಟು ಜೋರಾಗಿ ಅಲ್ಲ. ಅದರಿಂದ ಜನ ಉಲ್ಟಾ ದಿಕ್ಕಿಗೆ ವಾಲಿದರು.

ಇವತ್ತಿನ ಫೋನುಗಳಲ್ಲೂ ಇದೇ ನಡೆಯುತ್ತದೆ. ಅವುಗಳ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಓದು ಮೇಲಿನಿಂದ ಕೆಳಕ್ಕೆ ಹೋದರೆ, ನಿಂತ ಫೋನಿನ ಮುಂದೆ ಹಾದುಹೋಗುವ ಕಾರಿನ ಕೆಳಭಾಗ ತಡವಾಗಿ ದಾಖಲಾಗಿ ಕಾರು ಹಿಂದಕ್ಕೆ ವಾಲುತ್ತದೆ. ಇದನ್ನು ಕೆಲವರು ದೋಷ ಅನ್ನುತ್ತಾರೆ. ಲಾರ್ತೀಗರ ಚಿತ್ರ ನೋಡಿದ ಮೇಲೆ ನನಗೆ ಹಾಗನ್ನಲು ಮನಸ್ಸು ಬರುವುದಿಲ್ಲ.

ಎಡಿಟಿಂಗ್, ಮತ್ತು ತಪ್ಪು ಹುಡುಕುವುದು

ನಿಂತ ಕಾರಿನ ಹಿನ್ನೆಲೆಗೆ ಸಾಫ್ಟ್‌ವೇರಿನಲ್ಲಿ ಬ್ಲರ್ ಹಾಕಿ ಓಡಿಸಬಹುದು. ಆದರೆ ಬೇಗ ಸಿಕ್ಕಿಬೀಳುತ್ತದೆ. ಚಕ್ರ ನಿಂತಿರುತ್ತದೆ. ಕಾರಿನ ಮೈಯಲ್ಲಿ ಕಾಣುವ ಮರ, ಕಂಬಗಳ ಪ್ರತಿಬಿಂಬ ಚೂಪಾಗಿಯೇ ಉಳಿದಿರುತ್ತದೆ, ನಿಜವಾದ ಓಟದಲ್ಲಿ ಅವೂ ಹರಿಯಬೇಕು. ಗಾಜಿನ ಮೂಲಕ ಆಚೆ ಕಾಣುವ ಹಿನ್ನೆಲೆಯನ್ನು ಮರೆತಿರುತ್ತಾರೆ.

ನಿಜವಾಗಿ ತೆಗೆದ ಫೋಟೋಗಳನ್ನು ಆರಿಸುವಾಗ ಪೂರ್ತಿ ಹಿಗ್ಗಿಸಿ ನೋಡಿ. ಮಸುಕಿನ ದಿಕ್ಕು ನೋಡಿದರೆ ಏನು ತಪ್ಪಾಯಿತು ಅಂತ ಗೊತ್ತಾಗುತ್ತದೆ. ಹೆಡ್‌ಲೈಟು ಅಡ್ಡಕ್ಕೆ ಎಳೆದುಕೊಂಡಿದ್ದರೆ ನಿಮ್ಮ ತಿರುಗುವ ವೇಗ ಕಾರಿಗೆ ಹೊಂದಿಲ್ಲ. ಮೇಲೆ ಕೆಳಗೆ ಎಳೆದುಕೊಂಡಿದ್ದರೆ ಒತ್ತುವಾಗ ಕೈ ಕುಸಿದಿದೆ, ಬೆರಳನ್ನು ಇನ್ನೂ ಮೆತ್ತಗೆ ಒತ್ತಬೇಕು. ನಡು ಸ್ಪಷ್ಟ, ಎರಡೂ ತುದಿ ಮಸುಕು ಅಂದರೆ ಹತ್ತಿರ ನಿಂತಿದ್ದೀರಿ. ದಿಕ್ಕೇ ಇಲ್ಲದ ಮೆದು ಮಸುಕು ಫೋಕಸ್ಸಿನದ್ದು. ಕಾರು ಚೂಪಾಗಿದ್ದೂ ಚಿತ್ರ ಸಪ್ಪೆ ಅನ್ನಿಸಿದರೆ ಚಕ್ರ ಮತ್ತು ಹಿನ್ನೆಲೆ ನೋಡಿ. ಚಕ್ರ ತಿರುಗಿದಂತೆ ಕಾಣದಿದ್ದರೆ ಮುಂದಿನ ಕಾರಿಗೆ ಶಟರನ್ನು ಒಂದು ಸ್ಟಾಪ್ ಇಳಿಸಿ. ಚಕ್ರ ಸರಿ ಇದ್ದು ಹಿನ್ನೆಲೆ ಮಾತ್ರ ನಿಂತಿದ್ದರೆ ಶಟರ್ ಮುಟ್ಟಬೇಡಿ. ಕಾರಿನ ಹಿಂದೆ ಮರಗಳೋ ಕಂಬಗಳೋ ಬರುವ ಕಡೆಗೆ ಜಾಗ ಬದಲಿಸಿ.